ಮನೆಗೊಂದು ಆಳು

ಮನೆಗೆ ನೇಮಕಾತಿ ಪತ್ರ ಕೊಡಲು ಬರುವುದಿಲ್ಲ ಎಂದು ಕಿರಣ್‌ಕುಮಾರ್ ಹೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನನಗೆ ಯಾವಾಗಲೂ ಹೀಗೆಯೇ. ನಮ್ಮ ಯಜಮಾನರನ್ನು ಕೇಳಿದರೆ, ನಗು ಬಂದದ್ದನ್ನು ತಾವು ಕಂಡೇ ಇಲ್ಲ ಅನ್ನುತ್ತಾರೆ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವಾಗ, ಊರು ದಾಟಿದ ಮೇಲೆ ಎಡಕ್ಕೆ ಕಾಣುವ ತಗಡಿನ ಶೆಡ್ಡು ನನ್ನದು. ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುತ್ತೇವೆ, ನಾರಿನಿಂದ ಹಗ್ಗ ಹೊಸೆಯುತ್ತೇವೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ, ಹೆಚ್ಚಿನವರು ಹೆಂಗಸರು. ಬೋರ್ಡಿನ ಮೇಲೆ ‘ಮಾಲೀಕರು: ಶ್ರೀಮತಿ ಅನುಸೂಯ’ ಎಂದು ಬರೆಸಿದ್ದೇನೆ. ಬರೆಸುವಾಗ ಯಜಮಾನರು ತಮ್ಮ ಹೆಸರೂ ಇರಲಿ ಅಂದಿದ್ದರು. ಜಾಗ ಸಾಲಲಿಲ್ಲ.

ಕಿರಣ್‌ಕುಮಾರ್ ಚಿತ್ರದುರ್ಗದಲ್ಲಿ ಆಫೀಸು ಇಟ್ಟುಕೊಂಡು ನನ್ನಂಥ ಸಣ್ಣ ಮಾಲೀಕರ ಕಾನೂನು ಕಾಗದಗಳನ್ನು ನೋಡಿಕೊಳ್ಳುವವನು. ಒಳ್ಳೆಯವನೇ, ಆದರೆ ಅವನು ಬಂದ ದಿನ ನನಗೆ ಊಟ ಸೇರುವುದಿಲ್ಲ. ಈ ಸಲ ಬಂದವನು ಲ್ಯಾಪ್‌ಟಾಪ್ ತೆರೆದು, ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಿದೆ, ಇನ್ನು ಪ್ರತಿಯೊಬ್ಬ ಕೆಲಸದವರಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂದ.

"ಹಳಬರಿಗೂ ಕೊಡ್ಬೇಕೇನಪ್ಪ? ನನ್ನ ಮುಖ ಅವರಿಗೆ ಗೊತ್ತು, ಅವರ ಮುಖ ನನಗೆ ಗೊತ್ತು."

"ಹಳಬರಿಗೂ ಕೊಡ್ಬೇಕು ಮೇಡಂ. ಮೂರು ತಿಂಗಳು ಟೈಮ್ ಐತೆ. ಹತ್ತು ಜನ ಇರೋ ಕಡೆ ಬಾಯಿಮಾತು ನಡೆಯಲ್ಲ ಇನ್ಮೇಲೆ. ಹೆಸರು, ಕೆಲಸ, ಸೇರಿದ ದಿನ, ಸಂಬಳ, ಎಲ್ಲಾ ಬರೀಬೇಕು. ಹೇಳ್ತಾ ಹೋಗ್ರಿ."

ನಾನು ಹೇಳುತ್ತಾ ಹೋದೆ. ಮೊದಲನೇ ಹಗ್ಗದ ಯಂತ್ರ, ಎರಡನೆಯದು. ಮೂರನೆಯದಕ್ಕೆ ಬಂದಾಗ ನಾನು, "ಓಬಮ್ಮನ ಮನೆ" ಅಂದೆ. ಅವನ ಬೆರಳುಗಳು ನಿಂತವು.

"ಮನೆ ಅಂದ್ರೆ?"

ಅದನ್ನು ವಿವರಿಸಬೇಕಾಗಿ ಬಂದದ್ದು ನನಗೇ ವಿಚಿತ್ರ ಅನ್ನಿಸಿತು. ನಮ್ಮ ಕಡೆ ಆಳು ಕೇಳುವುದು ಮನೆಯ ಲೆಕ್ಕದಲ್ಲಿ. ಶೇಂಗಾ ಕೀಳುವುದಕ್ಕಾಗಲಿ, ಕಾಲುವೆ ಕೆಲಸಕ್ಕಾಗಲಿ, ಮನೆಗೊಂದು ಆಳು ಬರ್ರಿ ಅಂತ ಹೇಳಿ ಕಳಿಸಿದರೆ ಆ ಮನೆಯಿಂದ ಯಾರೋ ಒಬ್ಬರು ಬರುತ್ತಾರೆ. ಅತ್ತೆ ಬಂದಳೋ ಸೊಸೆ ಬಂದಳೋ ಯಾರೂ ಕೇಳುವುದಿಲ್ಲ. ನಾನು ಶೆಡ್ಡು ತೆರೆದಾಗಲೂ ಹಾಗೆಯೇ ಹೇಳಿ ಕಳಿಸಿದ್ದೆ. ಉಳಿದ ಮನೆಗಳಲ್ಲಿ ಕಾಲಕ್ರಮೇಣ ಒಬ್ಬೊಬ್ಬರೇ ಗಟ್ಟಿಯಾದರು. ಓಬಮ್ಮನ ಮನೆಯಲ್ಲಿ ಮಾತ್ರ ಮೂರು ಹೆಂಗಸರು: ಓಬಮ್ಮ, ಅವಳ ಸೊಸೆ ಸ್ವಾತಿ, ಓಬಮ್ಮನ ನಾದಿನಿ ನಿಂಗಕ್ಕ. ಬೆಳಿಗ್ಗೆ ಎದ್ದು ಮನೆಯಲ್ಲೇ ತೀರ್ಮಾನ ಮಾಡಿ ಯಾರನ್ನೋ ಕಳಿಸುತ್ತಿದ್ದರು. ಹಾಜರಿಯಲ್ಲಿ ಓಬಮ್ಮ ಎಂದಿರುತ್ತಿತ್ತು. ಸಂಬಳ ಓಬಮ್ಮನ ಖಾತೆಗೆ ಹೋಗುತ್ತಿತ್ತು. ಮದುವೆ, ಸಾವು, ಜ್ವರ ಏನೇ ಬರಲಿ, ಮೂರನೇ ಯಂತ್ರ ಒಂದು ದಿನವೂ ಖಾಲಿ ನಿಂತದ್ದಿಲ್ಲ. ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವ ಮಾಲೀಕನಿಗೆ ಬೇಕು?

ಕಿರಣ್‌ಕುಮಾರ್ ಎದ್ದು ಶೆಡ್ಡಿನೊಳಗೆ ಹೋದ. ಮೂರನೇ ಯಂತ್ರದ ಮುಂದೆ ಮೂಗಿಗೆ ಸೆರಗು ಕಟ್ಟಿಕೊಂಡು ನಿಂಗಕ್ಕ ನಾರು ಹಾಕುತ್ತಿದ್ದಳು.

"ಏನಮ್ಮಾ ನಿಮ್ಮ ಹೆಸರು?" ಎಂದು ಕೇಳಿದ.

ಅವಳು ಸೆರಗು ಇಳಿಸಿ, "ಓಬಮ್ಮನ ಮನೆಯೋರು ರೀ" ಅಂದಳು.

"ಅದಲ್ಲಮ್ಮ, ನಿಮ್ಮ ಹೆಸರು."

ಅವಳು ನನ್ನ ಮುಖ ನೋಡಿದಳು, ಹೇಳಬಹುದೋ ಬಾರದೋ ಎನ್ನುವ ಹಾಗೆ. ನಾನೇ ಹೇಳಿದೆ.

ಹೊರಗೆ ಬಂದ ಮೇಲೆ ಅವನು ದನಿ ತಗ್ಗಿಸಿದ. "ಮೇಡಂ, ಇ.ಎಸ್.ಐ. ಇರೋದು ಓಬಮ್ಮನ ಹೆಸರಲ್ಲಿ. ನಾಳೆ ಈ ಯಮ್ಮನ ಕೈ ಬೆಲ್ಟಿಗೆ ಸಿಕ್ತು ಅಂದ್ಕಳ್ರಿ. ಆಸ್ಪತ್ರೆಯವರು ನೀನ್ಯಾರು ಅಂತಾರೆ. ನಿಮ್ಮನ್ನ ಕೇಳ್ತಾರೆ, ಇವಳ್ಯಾರು ಅಂತ. ಏನ್ ಹೇಳ್ತೀರಿ?"

ಅವನು ಬೈಕು ಹತ್ತುವಾಗ ಇನ್ನೊಂದು ಮಾತು ಹೇಳಿದ. ಒಂದು ಕೆಲಸಕ್ಕೆ ಒಂದು ಹೆಸರು. ಮೂವರಿಗೂ ಚೂರು ಚೂರು ದಿನ ಹಂಚಿದರೆ ವರ್ಷದ ದಿನಗಳು ಯಾರಿಗೂ ತುಂಬುವುದಿಲ್ಲ, ಗ್ರಾಚ್ಯುಟಿಯೂ ಇಲ್ಲ, ಏನೂ ಇಲ್ಲ. ಯಾರ ಹೆಸರೋ ಅವರೇ ಬರಬೇಕು, ಅವರ ಖಾತೆಗೇ ಸಂಬಳ ಹೋಗಬೇಕು. ಬದಲಿಗೆ ಇನ್ನೊಬ್ಬರನ್ನು ಕಳಿಸುವ ಹಾಗಿಲ್ಲ.

ಅವತ್ತಿನಿಂದ ನನ್ನ ನೆಮ್ಮದಿ ಹಾಳಾಯಿತು. ಅಷ್ಟು ವರ್ಷ ಕಣ್ಣೆತ್ತಿ ನೋಡದ ಮೂರನೇ ಯಂತ್ರದ ಬೆಲ್ಟು ಈಗ ಕಣ್ಣಿಗೆ ಹೊಡೆಯುತ್ತಿತ್ತು. ನಿಂಗಕ್ಕನ ಕೈ ಅದರ ಹತ್ತಿರ ಹೋದಾಗಲೆಲ್ಲ ನಾನು ಕುರ್ಚಿಯಿಂದ ಅರ್ಧ ಏಳುತ್ತಿದ್ದೆ. ಬೆಲ್ಟಿಗೆ ಜಾಲರಿ ಹಾಕಿಸಿದೆ. ಆದರೂ ಏಳುತ್ತಿದ್ದೆ.

ಓಬಮ್ಮನಿಗೆ ಬರಹೇಳಿದೆ. ಮಂಡಿ ಹಿಡಿದುಕೊಂಡು ಬಂದು ಸಿಪ್ಪೆ ರಾಶಿಯ ಪಕ್ಕದ ಕಲ್ಲಿನ ಮೇಲೆ ಕೂತಳು. ನಾನು ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿ, "ನನ್ನ ಹೆಸ್ರೇ ಐತಲ್ಲಕ್ಕ, ಅದೇ ಇರ್ಲಿ ಬಿಡ್ರಿ" ಅಂದಳು.

"ಇರ್ಲಿ. ಆದ್ರೆ ದಿನಾ ನೀನೇ ಬರ್ಬೇಕು. ಬರ್ತೀಯಾ?"

"ಈ ಮಂಡಿ ಇಟ್ಕಂಡು ದಿನಾ ಎಲ್ಲಿ ಬರ್ಲಿ? ನಿಂಗಿ ಬರ್ತಾಳೆ."

"ಅದೇ ಆಗಲ್ಲ ಅಂತ ಹೇಳ್ತಿರೋದು."

"ಇಷ್ಟು ವರ್ಷ ಆಗಿದ್ದು ಈಗ್ಯಾಕೆ ಆಗಲ್ಲ?"

ನನಗೆ ರೇಗಿತು. ರೇಗಿದ್ದು ಅವಳ ಮೇಲಲ್ಲ, ನಾನೂ ಅದನ್ನೇ ಕಿರಣ್‌ಕುಮಾರನಿಗೆ ಕೇಳಿದ್ದೆ. "ಮನೇಲಿ ಮೂವರೂ ಕುಂತು ಮಾತಾಡ್ಕಂಡು, ಯಾರ ಹೆಸರು ಅಂತ ಹೇಳ್ರಿ. ನನ್ನ ಬಾಯಿಗೆ ಕೋಲು ಹಾಕ್ಬ್ಯಾಡ" ಎಂದು ಕಳಿಸಿಬಿಟ್ಟೆ.

ಮೂವರೂ ಕೂತು ಮಾತಾಡಿದರೋ ಇಲ್ಲವೋ ಗೊತ್ತಿಲ್ಲ. ನನ್ನ ಹತ್ತಿರ ಮಾತ್ರ ಮೂವರೂ ಬೇರೆ ಬೇರೆಯಾಗಿ ಬಂದರು.

ಮೊದಲು ಬಂದವಳು ಸ್ವಾತಿ. ಪಿಯುಸಿ ಓದಿದ ಹುಡುಗಿ, ಗಂಡ ಲಾರಿಯ ಮೇಲೆ ಹೋಗುತ್ತಾನೆ. ಸುತ್ತಮುತ್ತ ನೋಡಿ, ತನಗೆ ಮೂರು ತಿಂಗಳು, ಅತ್ತೆಗೆ ಇನ್ನೂ ಹೇಳಿಲ್ಲ ಅಂದಳು. "ಹೆಸ್ರು ಇದ್ರೆ ಹೆರಿಗೆ ರಜೆ, ದುಡ್ಡು ಎಲ್ಲಾ ಸಿಗ್ತೈತಂತಲ್ಲಕ್ಕ. ನಂದು ಬರೀರಿ. ಆಮೇಲೆ ನಾನೇ ದಿನಾ ಬರ್ತೀನಿ."

"ಬಸುರಿ ಅಂತ ನಾನು ಇಲ್ಲ ಅನ್ನಲ್ಲ ಕಣೇ, ಅನ್ನಂಗೂ ಇಲ್ಲ. ಆದ್ರೆ ಇಲ್ಲಿಗಂಟ ನೀನು ಬಂದಿರೋದು ಎಷ್ಟು ದಿನ ಹೇಳು?"

ಅವಳು ಉಗುರು ಕಚ್ಚಿಕೊಂಡು ಹೋದಳು.

ಆಮೇಲೆ ಓಬಮ್ಮ ಮತ್ತೆ ಬಂದಳು. ಈ ಸಲ ಕೂರಲಿಲ್ಲ. "ಅಕ್ಕ, ನಿಮ್ಗೆ ಬಿಚ್ಚಿ ಹೇಳ್ತೀನಿ. ಮಗ ಮನೆಗೆ ಬಿಡಿಗಾಸು ಕೊಡಲ್ಲ. ಸಂಬಳ ನನ್ನ ಕೈಗೆ ಬರೋದಕ್ಕೆ ಮನೇಲಿ ನನ್ನ ಮಾತು ನಡೀತೈತೆ. ನಾಳೆ ಸೊಸೆ ಕೈಗೋ ನಾದಿನಿ ಕೈಗೋ ಹೋಯ್ತು ಅನ್ರಿ, ನಾನು ಮೂಲೆಯಾಗೆ ಕುಂತ್ಕಂಡು ಕಾಫಿ ಕೇಳ್ಬೇಕಾಗ್ತೈತೆ." ಅದು ಸುಳ್ಳಲ್ಲ. ನನಗೂ ಅತ್ತೆಯಿದ್ದರು, ಅವರು ಮೂಲೆಯಲ್ಲಿ ಕೂತು ಕಾಫಿ ಕೇಳಿದ್ದನ್ನು ನಾನು ಕಂಡಿದ್ದೇನೆ. ನಾನು ಕೊಡದೆ ಇದ್ದವಳೇನಲ್ಲ ಬಿಡಿ, ಕೊಡುತ್ತಿದ್ದೆ. ಸ್ವಲ್ಪ ತಡವಾಗುತ್ತಿತ್ತು.

ನಿಂಗಕ್ಕ ಬರಬೇಕಾಗಿರಲಿಲ್ಲ, ಅಲ್ಲೇ ಇದ್ದಳು. ಊಟದ ಹೊತ್ತಿನಲ್ಲಿ ತಟ್ಟೆ ತೊಳೆದಿಟ್ಟು ನನ್ನ ಮೇಜಿನ ಹತ್ತಿರ ನಿಂತಳು. ಅವಳ ಅಪ್ಪ ಅವಳನ್ನು ಹಿರಿಯೂರಿನ ಹತ್ತಿರ ಬಬ್ಬೂರಿಗೆ ಕೊಟ್ಟಿದ್ದ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಕೈಚೀಲ ಹಿಡಿದು ತವರಿಗೆ ಬಂದವಳು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ, ಮುಂದೆ ಅಣ್ಣನೂ ಹೋದ. ಮನೆ ಅತ್ತಿಗೆ ಓಬಮ್ಮನದಾಗಿತ್ತು. ಬಂದ ವರ್ಷದಿಂದಲೇ ಅವಳು ನಮ್ಮ ಶೆಡ್ಡಿಗೆ ಬರುತ್ತಿದ್ದಳು, ಮೊದಮೊದಲು ವಾರಕ್ಕೆ ಮೂರು ದಿನ, ಆಮೇಲೆ ಹೆಚ್ಚುಕಡಿಮೆ ದಿನವೂ. ಹಾಜರಿಯಲ್ಲಿ ಏನೇ ಇರಲಿ, ಯಂತ್ರದ ಮುಂದೆ ಯಾರಿದ್ದರು ಎನ್ನುವುದು ನನಗೆ ಗೊತ್ತಿತ್ತು.

"ನಿನ್ನದೇ ಹೆಸರು ಬರೀಬೇಕು ಅಂತೀಯೇನು?" ಅಂದೆ.

"ಬ್ಯಾಡ್ರಿ" ಅಂದಳು.

"ಏನು?"

"ನನ್ನ ಹೆಸ್ರು ಬರೀಬ್ಯಾಡ್ರಿ ಅಕ್ಕ. ಬರೆದ್ರೆ ಮನೆಯಾಗೆ ನನಿಗೆ ಕೂಳು ಹುಟ್ಟಲ್ಲ. ಅತ್ತಿಗೆ ಹೆಸ್ರೇ ಇಟ್ಟು, ನನ್ನ ಹಿಂಗೇ ಬರಕ್ಕೆ ಬಿಡ್ರಿ."

ಅದೇ ನನಗೆ ತಡೆಯಲಾಗಲಿಲ್ಲ. ತನಗೆ ಬೇಕು ಎಂದು ಒಬ್ಬಳು ಕೇಳಬಹುದು, ಇಬ್ಬರು ಕೇಳಬಹುದು. ದುಡಿಯುವವಳೇ ಬಂದು ನನ್ನನ್ನು ಬರೆಯಬೇಡಿ ಎಂದರೆ ಮೈಯೆಲ್ಲ ಉರಿಯುವುದಿಲ್ಲವೇ? ನೀನು ಹೋಗಿ ಕೆಲಸ ಮಾಡು, ಕಾನೂನು ನಾನು ನೋಡಿಕೊಳ್ಳುತ್ತೇನೆ ಎಂದು ಗದರಿದೆ. ಅವಳು ಹೋದಳು. ನಾನು ಆಗಲೇ ಫೋನು ಹಚ್ಚಿ ಕಿರಣ್‌ಕುಮಾರನಿಗೆ, "ನಿಂಗಕ್ಕ ಅಂತ ಬರಿ" ಅಂದೆ.

"ಸರಿ ಮೇಡಂ. ಸೇರಿದ ದಿನ ಇವತ್ತಿಂದೇ ಹಾಕ್ಲಾ? ಹೊಸಬರು ಅಂತಾದ್ರೆ ನಿಮಗೂ ಹಗುರ."

"ಹೊಸಬಳಾ? ತಲೆ ಕೂದಲು ಹಣ್ಣಾಗಿದ್ದು ನನ್ನ ಶೆಡ್ಡಲ್ಲಿ. ಬಂದ ವರ್ಷನೇ ಹಾಕು."

ಫೋನಿಟ್ಟ ಮೇಲೆ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಯಿತು. ಅದು ಸಂಜೆಯವರೆಗೂ ಉಳಿಯಲಿಲ್ಲ. ಕೂಳು ಹುಟ್ಟಲ್ಲ ಅಂದಿದ್ದಳಲ್ಲ, ಆ ಮಾತು ಸುತ್ತಿ ಸುತ್ತಿ ಬಂತು. ಯಜಮಾನರು, "ಅವರ ಮನೆ ವಿಷಯ, ನೀನ್ಯಾಕೆ ಮೈಮೇಲೆ ಎಳ್ಕಂಡೆ? ಮೂವರಲ್ಲಿ ಯಾರೋ ಒಬ್ಬರನ್ನ ಅವರೇ ಕಳಿಸ್ತಿದ್ರು" ಅಂದರು. ಒಂದು ಹೆಸರು ಬರೆದದ್ದಕ್ಕೆ ಇಷ್ಟು ಯೋಚನೆಯೇ ಎಂದು ನನ್ನನ್ನೇ ಬೈದುಕೊಂಡೆ. ಅಡಿಗೆಮನೆಗೂ ಅಂಗಳಕ್ಕೂ ಎಷ್ಟು ಸಲ ಓಡಾಡಿದೆನೋ.

ಪತ್ರಗಳು ಬಂದವು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೊಟ್ಟೆ. ಒಂದು ಪ್ರತಿ ನಿಮಗೆ, ಇನ್ನೊಂದಕ್ಕೆ ಸಹಿ ಮಾಡಿ ನನಗೆ ತಂದುಕೊಡಿ ಎಂದೆ. ಕೆಲವರು ಅಲ್ಲೇ ಸಹಿ ಹಾಕಿದರು, ಕೆಲವರು ಮಕ್ಕಳಿಗೆ ತೋರಿಸಿ ತರುತ್ತೇವೆ ಎಂದರು. ನಿಂಗಕ್ಕ ಎರಡೂ ಪ್ರತಿಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಮಾರನೆಯ ದಿನ ಓಬಮ್ಮನ ಮನೆಯಿಂದ ಯಾರೂ ಬರಲಿಲ್ಲ.

ಸುತ್ತಲಿನ ಯಂತ್ರಗಳೆಲ್ಲ ಕಿರುಗುಟ್ಟುತ್ತಿದ್ದವು, ಮೂರನೆಯದು ಸುಮ್ಮನೆ ನಿಂತಿತ್ತು. ನಾನು ಬಾಗಿಲಿಗೆ ಹೋಗಿ ರಸ್ತೆ ನೋಡಿದೆ, ಒಳಗೆ ಬಂದೆ, ಮತ್ತೆ ಹೋದೆ. ಓಬಮ್ಮನ ಫೋನು ಎತ್ತಲಿಲ್ಲ. ಬೇರೆಯವರನ್ನು ಆ ಯಂತ್ರಕ್ಕೆ ಕೂರಿಸೋಣವೆಂದರೆ, "ಅದು ಓಬಮ್ಮನ ಮನೇದಲ್ವೇನಕ್ಕ" ಎಂದು ಒಬ್ಬರೂ ಮುಟ್ಟಲಿಲ್ಲ. ಅದರ ಮರುದಿನವೂ ಅಷ್ಟೇ. ಹಗ್ಗ ಒಯ್ಯುವ ದಾವಣಗೆರೆಯ ಶಾಮಿಯಾನದವನು ಫೋನು ಮಾಡಿ ಕೇಳಿದಾಗ ಅವನ ಮೇಲೂ ಕೂಗಾಡಿದೆ. ಮಧ್ಯಾಹ್ನದ ಹೊತ್ತಿಗೆ ಸ್ಕೂಟಿ ತೆಗೆದುಕೊಂಡು ಹೊರಟೇಬಿಟ್ಟೆ.

ಅವರ ಮನೆ ಹೊಳಲ್ಕೆರೆ ರಸ್ತೆಯಿಂದ ಒಳಗೆ, ತೋಟಗಳ ನಡುವಿನ ಹಳ್ಳಿಯಲ್ಲಿದೆ. ಹೆಂಚಿನ ಮನೆ, ಮುಂದೆ ಬೇವಿನ ಗಿಡ. ಅಂಗಳದಲ್ಲಿ ನಿಂಗಕ್ಕ ಪಾತ್ರೆ ತಿಕ್ಕುತ್ತಿದ್ದಳು. ಕೈಗೆ ಬೂದಿ ಮೆತ್ತಿತ್ತು. ನನ್ನನ್ನು ಕಂಡು ಎದ್ದಳು. ಓಬಮ್ಮ ಬಾಗಿಲಿಗೆ ಬಂದಳು. "ಬರ್ರಿ ಅಕ್ಕ, ಕುಂತ್ಕಳ್ರಿ" ಎಂದು ಚಾಪೆ ಹಾಕಿದಳು. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಆಮೇಲೆ ಒಳಗೆ ಹೋಗಿ ಆ ಎರಡು ಪತ್ರ ತಂದು ನನ್ನ ಮುಂದಿಟ್ಟಳು.

"ತಗಳ್ರಿ ನಿಮ್ಮ ಕಾಗದ. ನಮ್ಮನೆ ಕೆಲಸ ನಮ್ಮನೆಗೇ ಇರಂಗಿದ್ರೆ ನಾಳೆ ಆಳು ಬರ್ತೈತೆ. ಒಬ್ಬಳ ಹೆಸ್ರಿಗೆ ಅಂದ್ರೆ ಬ್ಯಾಡ."

"ನಿಂಗಕ್ಕ ಏನಂತಾಳೆ?"

"ಅವಳೇನಂತಾಳೆ? ಈ ಮನೇಲಿ ಉಂಡೋಳು ಏನಂತಾಳೆ?" ಅವಳ ದನಿ ಏರಲಿಲ್ಲ. "ನಾನು ಹೇಳೀನಿ. ಈ ಕಾಗದ ಬೇಕಂದ್ರೆ ಕಾಗದ ಕೊಟ್ಟೋರ ಮನೆಗೆ ಹೋಗು ಅಂತ."

ಹಾಗೆ ಹೇಳಿ ಅವಳು ಬಾಗಿಲ ಮರೆಯಿಂದ ಒಂದು ಬಟ್ಟೆಯ ಚೀಲ ತಂದು ಹೊಸ್ತಿಲ ಹೊರಗೆ ಇಟ್ಟಳು. ತುಂಬಿಸಿ ಇಟ್ಟುಕೊಂಡೇ ಇದ್ದಳು. ಸೀರೆಯ ಒಂದು ತುದಿ ಹೊರಗೆ ಇಣುಕುತ್ತಿತ್ತು. ಒಳಗೆ ಕತ್ತಲಲ್ಲಿ ಸ್ವಾತಿ ಗೋಡೆಗೆ ಒರಗಿ ನಿಂತಿದ್ದಳು.

ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ಪತ್ರ ಕೊಡುವುದು ನನ್ನ ಕೆಲಸ, ಕೊಟ್ಟಿದ್ದೆ. ಚೀಲ ಹಿಡಿದ ಹೆಂಗಸನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಎಲ್ಲಿಗೆ ಹೋಗಲಿ? ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ. ಅದು ನೆನಪಾಯಿತು, ನೆನಪಾದದ್ದಕ್ಕೆ ಸಂಕಟವೂ ಆಯಿತು. ಕೊಡುತ್ತೇನೆ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಬೇಡ, ಹಿಂದಿನ ಹಾಗೇ ಇರಲಿ ಬಿಡು ಓಬಮ್ಮ ಎಂದು ಹೇಳಿ ಕಾಗದ ಹರಿದು ಹಾಕಿ ಎದ್ದುಬಿಡೋಣ ಎಂದೇ ಮನಸ್ಸು ಮಾಡಿದ್ದೆ. ಕೈ ಕಾಗದದ ಮೇಲೆ ಹೋಗಿಯೂ ಇತ್ತು.

"ಓದ್ರಿ ಅಕ್ಕ" ಎಂದಳು ನಿಂಗಕ್ಕ.

"ಏನು?"

"ಅದ್ರಾಗೆ ಏನು ಬರೆದೈತೆ ಓದ್ರಿ. ಅಲ್ಲಿ ಸುಮ್ನೆ ಕೊಟ್ರಿ, ಇಲ್ಲಿ ಅತ್ತಿಗೆ ಕಿತ್ಕಂಡು ಇಟ್ಕಂತು. ಏನೈತಂತ ನನಿಗೆ ಯಾರೂ ಹೇಳ್ಲಿಲ್ಲ."

ಓದಿದೆ. ಅವಳ ಹೆಸರು, ತಂದೆಯ ಹೆಸರು. ಹಗ್ಗ ಹೊಸೆಯುವ ಕೆಲಸ. ಸೇರಿದ ವರ್ಷ. ಅದನ್ನು ಕೇಳಿದಾಗ ಅವಳು ತಲೆಯಾಡಿಸಿದಳು. ದಿನಕ್ಕೆ ಎಂಟು ಗಂಟೆ, ವಾರಕ್ಕೊಂದು ರಜೆ. ಸಂಬಳ ಅವಳ ಸ್ವಂತ ಖಾತೆಗೆ. ಓಬಮ್ಮ ಅಲ್ಲಿ ಮುಖ ಆ ಕಡೆ ತಿರುಗಿಸಿದಳು. ಕೊನೆಯ ಸಾಲಿಗೆ ಬಂದೆ. ಕೆಲಸದಿಂದ ತೆಗೆಯಬೇಕಾದರೆ ಮಾಲೀಕರು ಕಾರಣವನ್ನು ತಿಳಿಸಿ ಒಂದು ತಿಂಗಳು ಮುಂಚಿತವಾಗಿ ನೋಟಿಸ್ ಕೊಡತಕ್ಕದ್ದು.

"ಅದು ಇನ್ನೊಂದ್ಸಲ ಓದ್ರಿ."

ಓದಿದೆ.

"ಅಂದ್ರೆ ನೀವು ನನ್ನ ಬಿಡಿಸ್ಬೇಕು ಅಂದ್ರೆ?"

"ಯಾಕೆ ಬಿಡಿಸ್ತೀನಿ ಅಂತ ಕಾರಣ ಹೇಳ್ಬೇಕು. ತಿಂಗಳು ಮೊದಲೇ ಹೇಳ್ಬೇಕು."

"ಸಿಟ್ಟು ಬಂತು, ನಾಳಿಂದ ಬರಬ್ಯಾಡ ಅನ್ನಂಗಿಲ್ಲ?"

"ಅನ್ನಂಗಿಲ್ಲ."

"ಮಾಲಕ್ರಿಗೇ ಆಗಲ್ಲ?"

"ಆಗಲ್ಲ ಕಣೇ, ಎಷ್ಟು ಸಲ ಹೇಳ್ಲಿ?"

ನಿಂಗಕ್ಕ ಬಾನಿಯ ನೀರಿನಲ್ಲಿ ಕೈಯ ಬೂದಿ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡು ಚಾಪೆಯ ಹತ್ತಿರ ಬಂದಳು. ನನ್ನ ಬೆರಳಲ್ಲಿದ್ದ ಪೆನ್ನು ತೆಗೆದುಕೊಂಡು, ನಾನು ತೋರಿಸಿದ ಜಾಗದಲ್ಲಿ, ಮಕ್ಕಳು ಬರೆಯುವಂತೆ ಒಂದೊಂದೇ ಅಕ್ಷರ ಒತ್ತಿ ಒತ್ತಿ ತನ್ನ ಹೆಸರು ಬರೆದಳು. ಆಮೇಲೆ ತಲೆಯೆತ್ತಿ ಹೊಸ್ತಿಲಲ್ಲಿ ನಿಂತಿದ್ದ ಓಬಮ್ಮನನ್ನು ನೋಡಿದಳು.

"ಅತ್ತಿಗೆ, ನೀನೂ ಹಂಗೇ ಮಾಡು. ಇದು ನಮ್ಮಪ್ಪ ಕಟ್ಟಿಸಿದ ಮನೆ. ನನ್ನ ಯಾಕೆ ಬಿಡಿಸ್ತಿಯಾ, ಕಾರಣ ಹೇಳು. ತಿಂಗಳು ಟೈಮ್ ಕೊಡು. ಆಮೇಲೆ ಹೋಗ್ತೀನಿ."

ಓಬಮ್ಮನ ಬಾಯಿ ತೆರೆಯಿತು, ಮುಚ್ಚಿತು. ಅವಳು ಕಾರಣ ಹುಡುಕುತ್ತಿದ್ದಳು, ಅದು ಕಣ್ಣಿಗೆ ಕಾಣುತ್ತಿತ್ತು. ಕೆಲಸಗಳ್ಳಿ ಅನ್ನುವ ಹಾಗಿರಲಿಲ್ಲ. ಕದ್ದಳು ಅನ್ನುವ ಹಾಗಿರಲಿಲ್ಲ. ಎದುರು ಮಾತಾಡಿದಳು ಅನ್ನೋಣವೆಂದರೆ ಅವಳು ಮಾತಾಡಿದ್ದೇ ಇದು ಮೊದಲು. ಓಬಮ್ಮ ನನ್ನ ಕಡೆ ನೋಡಿದಳು, ನಾನು ಏನಾದರೂ ಹೇಳಿಕೊಡಬಹುದು ಎನ್ನುವ ಹಾಗೆ. ನಾನು ಪೆನ್ನಿನ ಕ್ಯಾಪು ಹಾಕುತ್ತಾ ಕೂತೆ.

ಒಳಗಿನಿಂದ ಸ್ವಾತಿ, "ಅತ್ತೆ, ಚೀಲ ಒಳಗೆ ತಗಳ್ರಿ, ನಾಯಿ ಬರ್ತೈತೆ" ಅಂದಳು. ಅಲ್ಲಿ ಯಾವ ನಾಯಿಯೂ ಇರಲಿಲ್ಲ.

ಓಬಮ್ಮ ಮಂಡಿ ಹಿಡಿದುಕೊಂಡು ಬಗ್ಗಿ ಚೀಲ ಎತ್ತಿಕೊಂಡಳು. "ಆಯ್ತು. ತಿಂಗಳು ತಾನೆ" ಅಂದಳು. "ಅಷ್ಟರಾಗೆ ಕಾರಣ ಹುಡುಕ್ತೀನಿ ಇರು."

ಚೀಲ ಒಳಗೆ ಹೋಯಿತು. ನನಗೆ ಕಾಫಿ ಬಂತು. ಕುಡಿದು ಎದ್ದು ಬಂದೆ.

ಮರುದಿನ ಶೆಡ್ಡು ತೆರೆಯುವ ಹೊತ್ತಿಗೆ ನಿಂಗಕ್ಕ ಬಾಗಿಲಲ್ಲಿದ್ದಳು. ಸಹಿ ಮಾಡಿದ ಪ್ರತಿಯನ್ನು ಕಿರಣ್‌ಕುಮಾರ್ ತೆಗೆದುಕೊಂಡು ಹೋಗಿ, ಈಗ ಎಲ್ಲ ಸರಿಯಾಯಿತು ಮೇಡಂ, ಇನ್ನು ತಲೆಬಿಸಿಯಿಲ್ಲ ಅಂದ. ಅವನಿಗೇನು ಗೊತ್ತು? ಆ ತಿಂಗಳು ಇನ್ನೂ ಮುಗಿದಿಲ್ಲ. ಖಾಲಿ ಕೋಣೆಯನ್ನು ಗುಡಿಸಿ ಒರೆಸಿ ಇಟ್ಟಿದ್ದೇನೆ, ಯಾಕೆಂದು ಯಜಮಾನರು ಕೇಳಿದರೆ ಜೇಡ ಕಟ್ಟಿತ್ತು ಅನ್ನುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತೇನೆ, ಅವಳ ಕೈಯಲ್ಲಿ ಬುತ್ತಿ ಇದೆಯೋ ಚೀಲ ಇದೆಯೋ ಎಂದು.